ಟೇಲರ್ ಟೇಪು

ಇವತ್ತು ದಾವಣಗೆರೆ ಮಂಡಿಪೇಟೆಯಲ್ಲಿ ಅಪ್ಪನ ಪ್ಯಾಂಟಿಗೆ ಅಳತೆ ಕೊಡಿಸ್ತಿದ್ದೆ. ಟೇಲರ್ ಸೊಂಟಕ್ಕೆ ಟೇಪು ಸುತ್ತಿ, "ಮೂವತ್ತೆಂಟು" ಅಂದ್ರು. ಪುಸ್ತಕದಲ್ಲಿ ಹೋದ ದೀಪಾವಳಿ ಅಳತೆ ಹಾಗೇ ಇತ್ತು, ಪೆನ್ಸಿಲಲ್ಲಿ ಬರೆದದ್ದು. 36.

ಕೈಕಾಲು ನೋಡಿದ್ರೆ ಕಡ್ಡಿ. ಅಪ್ಪನ್ನ ಯಾರೂ ದಪ್ಪ ಅನ್ನಲ್ಲ.

ಅಮೆರಿಕದಲ್ಲಿ ನೂರು ವಯಸ್ಕರಲ್ಲಿ ಸುಮಾರು 40 ಜನಕ್ಕೆ ಬೊಜ್ಜು. ಪುಟ್ಟ ದ್ವೀಪ ದೇಶ ಟೊಂಗಾದಲ್ಲಿ 60 ದಾಟಿದೆ. ಜಪಾನಿನಲ್ಲಿ ಐದರ ಆಸುಪಾಸು. ಇದೆಲ್ಲಾ ಬಿಎಂಐ, ಅಂದ್ರೆ ಎತ್ತರಕ್ಕೆ ತೂಕ ಎಷ್ಟು ಅನ್ನೋ ಅಳತೆ, 30 ಮತ್ತು ಅದಕ್ಕಿಂತ ಜಾಸ್ತಿ ಇರೋರ ಲೆಕ್ಕ, ಅದರಲ್ಲಿ ನಮ್ಮ ದೇಶ ಎಷ್ಟೋ ಕೆಳಗೆ. ನೋಡಿ ಸಮಾಧಾನ ಆಗ್ಬಿಡುತ್ತೆ.

ಆದ್ರೆ ನಮ್ಮ ಮೈಯಲ್ಲಿ ಕೊಬ್ಬು ಹೊಟ್ಟೆಯಲ್ಲೇ ಕೂರುತ್ತೆ. ತೂಕ ಜಾಸ್ತಿ ಇಲ್ಲದೇ ಸಕ್ಕರೆ ಕಾಯಿಲೆ ಬಂದ್ಬಿಡುತ್ತೆ. ಅದಕ್ಕೇ ನಮ್ಮ ಕಡೆಯವರಿಗೆ ಗೆರೆಯೇ ಬೇರೆ: ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80. ಅಪ್ಪಂದು 38 ಇಂಚು, ಅಂದ್ರೆ 96 ಸೆಂ.ಮೀ. ದಾಟಿದೆ.

ವಾಪಸ್ ಬರ್ತಾ "ಬೆಣ್ಣೆ ದೋಸೆ ತಿನ್ನೋಣ್ವಾ" ಅಂದ್ರು. ಬೇಡ ಅನ್ನೋಕೆ ಮನಸ್ಸು ಬರಲಿಲ್ಲ. ದೋಸೆ ಮೇಲಿನ ಬೆಣ್ಣೆ ಮುದ್ದೆ ಕರಗೋ ಮುಂಚೆ ಅರ್ಧ ನನ್ನ ತಟ್ಟೆಗೆ ಎಳ್ಕೊಂಡೆ. ಅಪ್ಪ ಏನೂ ಅನ್ನಲಿಲ್ಲ, ನನ್ನ ಮುಖ ನೋಡಿದ್ರು.

ನಾಳೆ ಬೆಳಿಗ್ಗೆ ಆರಕ್ಕೆ ಇಬ್ರೂ ಕುಂದುವಾಡ ಕೆರೆ ಹತ್ರ ನಡೆಯೋಕೆ ಹೋಗ್ತಿದೀವಿ. ಆ ಕಡೆ ಯಾರಾದ್ರೂ ಬರೋರಿದ್ರೆ ಹೇಳಿ, ಅಪ್ಪಂಗೆ ಮಾತಾಡೋಕೆ ಜನ ಬೇಕು.