ಹನ್ನೊಂದನೇ ಹೆಸರು

ಮಂಗಳವಾರದಿಂದ ಒಂದೇ ಮಾತು ತಲೇಲಿ ಸುತ್ತತಾ ಇದೆ. "ಅಕ್ಕಾ, ಸ್ವಲ್ಪ ಡಾರ್ಕಾಗಿ ಬರ್ಲಿ, ಆಮೇಲೆ ಕಾಣಲ್ಲ ಅಂತ ಬೈತಾರೆ."

ನಮ್ದು ಪುರಸಭೆ ಮಳಿಗೇಲಿರೋ ಸಣ್ಣ ಜೆರಾಕ್ಸ್ ಅಂಗಡಿ, ಆಫೀಸ್ ಗೇಟಿಗೆ ಎದುರು. ಆಫೀಸಿನ ಮಷಿನ್ ಕೆಟ್ಟು ವರ್ಷದ ಮೇಲಾಯ್ತು, ರಿಪೇರಿಗೆ ದುಡ್ಡಿಲ್ಲ ಅಂತ ಹಾಗೇ ಬಟ್ಟೆ ಹೊದಿಸಿ ಇಟ್ಟಿದಾರೆ, ಏನೇ ಪೇಪರ್ ಇದ್ರೂ ನನ್ನ ಹತ್ರ ಬರತ್ತೆ, ಬರ್ಕೊಳಿ ಅಂತಾರೆ, ನಾನು ಬರ್ಕೋತೀನಿ. ಮಂಗಳವಾರ ಬಂದೋನು ಅಟೆಂಡರ್ ಅಲ್ಲ, ನಮ್ಮ ಬೀದಿಗೆ ನೀರು ಬಿಡೋನು. ಮೂರು ತಿಂಗಳ ಸಂಬಳ ಯಾವಾಗ ಆಗತ್ತೆ ಅಂತ ಕೇಳೋಕೆ ಒಳಗೆ ಹೋಗಿದ್ನಂತೆ, ಹೇಗೂ ಬಂದಿದೀಯಲ್ಲ ಇದನ್ನ ಜೆರಾಕ್ಸ್ ಮಾಡಿಸ್ಕೊಂಡು ಬಾ ಅಂತ ಕೈಗೆ ಕೊಟ್ಟು ಕಳಿಸಿದಾರೆ. ಬಜೆಟ್ ಮೀಟಿಂಗಿನ ಅಜೆಂಡಾ. ಮೂವತ್ತು ಸೆಟ್. ಇಪ್ಪತ್ಮೂರು ಮೆಂಬರ್ಸು, ಸರ್ಕಾರ ನಾಮಿನೇಟ್ ಮಾಡಿದ ಐದು ಜನ, ಎಮ್ಮೆಲ್ಲೆ, ಎಂಪಿ.

ನಾನು ಪೇಪರ್ ಓದೋಳಲ್ಲ, ದಿನಾ ಎಷ್ಟೋ ಜನರ ಪಹಣಿ, ಕ್ರಯಪತ್ರ, ಡೈವೋರ್ಸ್ ಪೇಪರ್ ನನ್ನ ಕೈಮೇಲೆ ಹೋಗತ್ತೆ, ಕಣ್ಣು ಹಾಯಿಸಬಾರ್ದು ಅನ್ನೋದು ನಾನೇ ಮಾಡ್ಕೊಂಡಿರೋ ನಿಯಮ. ಆದ್ರೆ ಮೂರನೇ ಹಾಳೆ ಗ್ಲಾಸ್ ಮೇಲೆ ಇಡೋವಾಗ ಮೇಲ್ಗಡೆ ದಪ್ಪ ಅಕ್ಷರದಲ್ಲಿ "ಹೊರಗುತ್ತಿಗೆ ಸಿಬ್ಬಂದಿಯನ್ನು ಕಡಿತಗೊಳಿಸುವ ಬಗ್ಗೆ" ಅಂತ ಕಾಣ್ತು. ಕೆಳಗೆ ಹದಿನಾಲ್ಕು ಹೆಸರು. ಹನ್ನೊಂದನೇದು ಇವನ ಹೆಸರು. ಹೋದ ವರ್ಷ ಅವನ ಮಗಳ ಹಾಸ್ಟೆಲ್ ಅರ್ಜಿ ನಾನೇ ತುಂಬಿಕೊಟ್ಟಿದ್ದೆ, ಅದಕ್ಕೇ ಪೂರ್ತಿ ಹೆಸರು ಗೊತ್ತು.

ಮುಚ್ಚಳ ಹಿಡ್ಕೊಂಡು ಹಾಗೇ ನಿಂತೆ. "ಇದನ್ನ ಓದಿದ್ಯೇನಪ್ಪಾ?" ಅಂದೆ.

"ಓದ್ದೆ ಅಕ್ಕಾ. ಹನ್ನೊಂದನೇದು ನಂದೇ." ಅಷ್ಟು ಹೇಳಿ, ಒಂದು ಕ್ಷಣ ಬಿಟ್ಟು, ಡಾರ್ಕಾಗಿ ಬರ್ಲಿ ಅಂದ.

ನಾನು ಡಾರ್ಕ್ ಮಾಡಿದೆ. ಇನ್ನೇನು ಮಾಡ್ಲಿ. ಅವನು ಕೌಂಟರ್ ಮೇಲೆ ಮೂವತ್ತು ಗುಡ್ಡೆ ಮಾಡಿ, ಒಂದೊಂದು ಸೆಟ್ಟನ್ನೂ ಅಂಚು ಸಮ ಬರೋ ಹಾಗೆ ತಟ್ಟಿ ತಟ್ಟಿ ಪಿನ್ ಹೊಡ್ದ. ಬೆರಳಲ್ಲಿ ವಾಲ್ವಿನ ಗ್ರೀಸ್ ಇತ್ತು, ಪೇಪರಿಗೆ ಕಲೆ ಆಗಬಾರ್ದು ಅಂತ ಪ್ರತಿ ಸಲ ಪ್ಯಾಂಟಿಗೆ ಒರೆಸ್ಕೊಂಡು ಆಮೇಲೆ ಮುಟ್ತಿದ್ದ. ತನ್ನನ್ನ ತೆಗೆಯೋ ಪೇಪರನ್ನ ಅಷ್ಟು ಜೋಪಾನವಾಗಿ ಜೋಡಿಸ್ತಾ ಇದ್ದಿದ್ದು ಇವತ್ತಿಗೂ ಕಣ್ಮುಂದೆ ಬರತ್ತೆ, ಅಡುಗೆ ಮಾಡೋವಾಗ, ಗಿರಾಕಿ ಜೊತೆ ಮಾತಾಡೋವಾಗ, ಯಾವಾಗ ಬೇಕಾದ್ರೂ.

ಈ ಮನುಷ್ಯ ಏನು ಅಂತ ನಮ್ಮ ಬೀದಿಯವರಿಗೆ ಗೊತ್ತು. ನಮ್ಮ ಲೈನಿನ ವಾಲ್ವ್ ಚೇಂಬರ್ ಮೇಲೆ ರೋಡ್ ಮಾಡೋರು ಎರಡು ಸಲ ಡಾಂಬರು ಹಾಕಿ ಹೋಗಿದಾರೆ, ಎರಡು ಸಲಾನೂ ಇವನೇ ಅಂದಾಜಲ್ಲಿ ಹೆಜ್ಜೆ ಅಳೆದು, ಇಲ್ಲೇ ಇರೋದು ಅಂತ ಹಾರೆ ಹಾಕಿ ತೆಗೆದ. ಟೀ ಆಕಾರದ ಉದ್ದ ಚಾವಿ ಇಳಿಸಿ ಹದಿನಾರು ಸುತ್ತು ತಿರುಗಿಸಿದ್ರೆ ಮೇಲಿನ ಬೀದಿಗೆ ನೀರು, ಹನ್ನೆರಡಕ್ಕೇ ನಿಲ್ಲಿಸಿದ್ರೆ ಕೆಳಗಿನ ಬೀದಿಗೂ ಪ್ರೆಷರ್ ಸಿಗತ್ತೆ, ಪೂರ್ತಿ ತೆಗೆದ್ರೆ ದೇವಸ್ಥಾನದ ಹತ್ರ ಹಳೇ ಪೈಪ್ ಒಡೆಯತ್ತೆ. ಇದ್ಯಾವುದೂ ಯಾವ ನಕ್ಷೇಲೂ ಇಲ್ಲ. ಅವನ ತಲೇಲಿದೆ. ರಾತ್ರಿ ಕರೆಂಟ್ ಬಂದಾಗ ಎರಡು ಗಂಟೆಗೋ ಮೂರು ಗಂಟೆಗೋ ಎದ್ದು ಬರ್ತಾನೆ.

2022ರ ಜುಲೈಯಲ್ಲಿ ಪೌರಕಾರ್ಮಿಕರು ರಾಜ್ಯದಲ್ಲೆಲ್ಲಾ ಕಸ ಎತ್ತೋದು ನಿಲ್ಲಿಸಿ ಕೂತಾಗ ಸರ್ಕಾರ ಅವರನ್ನ ಖಾಯಂ ಮಾಡೋಕೆ ಒಪ್ತು, ತುಂಬಾ ಒಳ್ಳೇದಾಯ್ತು, ಅದು ಅವರ ಹಕ್ಕು. ಆದ್ರೆ ಕಸದ ಗಾಡಿ ಓಡಿಸೋನು, ನೀರು ಬಿಡೋನು, ಕಂಪ್ಯೂಟರ್ ಮುಂದೆ ಕೂರೋ ಹುಡುಗಿ, ಇವರು ಏಜೆನ್ಸಿ ಕೆಳಗೇ ಉಳಿದ್ರು. ದುಡ್ಡು ಕಮ್ಮಿ ಬಿದ್ದ ದಿನ ಮೊದಲು ಕೈ ಹೋಗೋದು ಇವರ ಹೆಸರಿನ ಮೇಲೇ, ಯಾಕಂದ್ರೆ ಇವರನ್ನ ತೆಗೆಯೋಕೆ ಒಂದು ನೋಟಿಸೂ ಬೇಕಾಗಲ್ಲ, ಏಜೆನ್ಸಿಗೆ ಇಷ್ಟೇ ಜನ ಸಾಕು ಅಂತ ಒಂದು ಸಾಲು ಬರೆದ್ರೆ ಮುಗೀತು.

ಅವನು ಹೋಗಿ ಅರ್ಧ ಗಂಟೆ ಆದ್ಮೇಲೆ ಒಬ್ಬ ಹುಡುಗ ಆಧಾರ್ ಕಾಪಿಗೆ ಬಂದ, ಮುಚ್ಚಳ ಎತ್ತಿದ್ರೆ ಒರಿಜಿನಲ್ ಹಾಳೆ ಅಲ್ಲೇ ಇದೆ. ಕೊನೇ ಹಾಳೆ, ಬಾಕಿ ವಸೂಲಿ ಪಟ್ಟಿ. ಮನೆ ಕಂದಾಯ, ನೀರಿನ ಶುಲ್ಕ, ಮೂರನೇ ಸಾಲಲ್ಲಿ "ವಾಣಿಜ್ಯ ಮಳಿಗೆಗಳ ಬಾಡಿಗೆ, ಪ್ರಕರಣ ನ್ಯಾಯಾಲಯದಲ್ಲಿದೆ".

ಈ ಸಾಲು ಓದಿದ್ಮೇಲೆ ನನಗೆ ಕೂರೋಕಾಗಲಿಲ್ಲ. ಆ ಪ್ರಕರಣದಲ್ಲಿ ನನ್ನ ಸಹಿ ಇದೆ. ನಮ್ಮ ಮಳಿಗೆಗಳ ಹನ್ನೆರಡು ವರ್ಷದ ಅವಧಿ ಮುಗಿದು ಮರುಹರಾಜು ಅಂದಾಗ ನಾವು ನಲವತ್ತೆಂಟು ಜನ ಸೇರಿ ಸ್ಟೇ ತಂದ್ವಿ. ನನ್ನ ಬಾಡಿಗೆ ಈಗಲೂ 1,350 ರೂಪಾಯಿ. ಪಕ್ಕದ ಪ್ರೈವೇಟ್ ಬಿಲ್ಡಿಂಗಲ್ಲಿ ಇಷ್ಟೇ ಜಾಗಕ್ಕೆ 9,000. ನಮ್ಮಲ್ಲೇ ಕೆಲವರು ತಾವು ಅಂಗಡಿ ನಡೆಸದೆ ಬೇರೆಯವರಿಗೆ ಕೊಟ್ಟು ಎಂಟು ಸಾವಿರ ಎಣಿಸ್ಕೋತಿದಾರೆ, ಅವರ ಬಗ್ಗೆ ನನಗೆ ಒಂಚೂರೂ ಗೌರವ ಇಲ್ಲ.

ಹಾಳೆ ವಾಪಸ್ ಕೊಡೋಕೆ ನಾನೇ ಹೋದೆ. ಲೆಕ್ಕದ ವಿಭಾಗದ ಮೇಡಂ ಒಳ್ಳೇ ಹೆಂಗಸು, ಚೀಫ್ ಆಫೀಸರ್ ಎರಡು ವರ್ಷದಲ್ಲಿ ನಾಲ್ಕು ಜನ ಬದಲಾದ್ರೂ ಆಫೀಸ್ ನಡೀತಿರೋದು ಇವರಿಂದ. "ಹದಿನಾಲ್ಕು ಜನಾನ ಯಾಕೆ ಮೇಡಂ ತೆಗೀತೀರಾ?" ಅಂದೆ. ಅವರು ಪೆನ್ನು ಕೆಳಗಿಟ್ಟು, ಜಗಳಕ್ಕಲ್ಲ, ಸುಸ್ತಾಗಿ ಹೇಳಿದ್ರು, "ನೋಡಿ, ಎಸ್‌ಎಫ್‌ಸಿ, ಅಂದ್ರೆ ರಾಜ್ಯ ಸರ್ಕಾರ ಕೊಡೋ ಅನುದಾನದಲ್ಲಿ ಕರೆಂಟಿಂದು ಮೇಲೇನೇ ಬೆಸ್ಕಾಂಗೆ ಹೋಗತ್ತೆ, ನಮ್ಮ ಕೈಗೆ ಬರಲ್ಲ. ಖಾಯಂ ನೌಕರರ ಸಂಬಳ ಮುಟ್ಟೋ ಹಾಗಿಲ್ಲ. ಕೇಂದ್ರದ ಹಣಕಾಸು ಆಯೋಗದ ದುಡ್ಡಲ್ಲಿ ದೊಡ್ಡ ಪಾಲು ನೀರು, ಸ್ವಚ್ಛತೆಗೇ ಅಂತ ಕಟ್ಟಿಹಾಕಿದಾರೆ, ಮಿಕ್ಕಿದ್ದರಲ್ಲಿ ಸಂಬಳ ಕೊಡೋ ಹಾಗಿಲ್ಲ. ಉಳಿಯೋದು ನಮ್ಮದೇ ಸ್ವಂತ ವಸೂಲಿ. ಅದು ಬಂದ್ರೆ ಇವರಿಗೆ ಸಂಬಳ, ಇಲ್ಲಾಂದ್ರೆ ಇಲ್ಲ."

ಎದುರುಗಡೆ ಶೆಡ್ಡಲ್ಲಿ ಹೊಸ ಕಸದ ಆಟೋ ಎರಡು ನಿಂತಿವೆ. ಸೀಟಿನ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿಲ್ಲ. ಗಾಡಿ ತಗೊಳೋಕೆ ಅನುದಾನ ಇತ್ತಂತೆ, ಓಡಿಸೋನಿಗೆ ಇಲ್ಲ. ಹದಿನಾಲ್ಕರಲ್ಲಿ ನಾಲ್ಕು ಡ್ರೈವರ್‌ಗಳ ಹೆಸರು.

ರಾತ್ರಿ ಮನೇಲಿ ಹೇಳ್ದಾಗ ನಮ್ಮ ಮಾವ ಹಳೇ ಕಾಲಕ್ಕೆ ಹೋದ್ರು. ಊರ ಬಾಗಿಲಲ್ಲಿ ಆಕ್ಟ್ರಾಯ್ ನಾಕಾ, ಅಂದ್ರೆ ಸುಂಕದ ಕಟ್ಟೆ ಇತ್ತಂತೆ, ಒಂದು ಗಾಡಿ ಅಡಿಕೆ ಒಳಗೆ ಬಂದ್ರೂ ಪುರಸಭೆಗೆ ಕಾಸು ಬೀಳ್ತಿತ್ತಂತೆ, 1979ರಲ್ಲಿ ಅದನ್ನ ತೆಗೆದ್ಮೇಲೆ ಬೆಂಗಳೂರಿನ ಕಡೆ ಕೈಯೊಡ್ಡಿ ಕೂರೋದೇ ಆಯ್ತು ಅಂದ್ರು. ನಾಕಾದಲ್ಲಿ ಲಂಚಾನೂ ಇತ್ತು ಅಂತ ಅವರೇ ಸೇರಿಸಿದ್ರು. ಇರಬಹುದು. ಆದ್ರೆ ಇವತ್ತಿನ ಕಥೆ ಬರೀ ಬೆಂಗಳೂರಿನ ಮೇಲೆ ಹಾಕೋಕೆ ನನ್ನ ಮನಸ್ಸು ಒಪ್ತಿಲ್ಲ. ಊರಲ್ಲಿ ಎರಡಂತಸ್ತಿನ ಮನೆ ಕಟ್ಟಿ ನೀರಿನ ಬಿಲ್ ಆರು ವರ್ಷದಿಂದ ಕಟ್ಟದೇ ಇರೋರು ನನಗೇ ಗೊತ್ತು, ಏಪ್ರಿಲಲ್ಲಿ ಕಟ್ಟಿದ್ರೆ ಕಂದಾಯದಲ್ಲಿ ನೂರಕ್ಕೆ ಐದು ಬಿಡ್ತಾರೆ ಅಂದ್ರೂ ಬರಲ್ಲ. ಅವರೇ ಒಂದು ದಿನ ನೀರು ಬರ್ಲಿಲ್ಲ ಅಂದ್ರೆ ಇವನಿಗೆ ಫೋನ್ ಮಾಡಿ ಏನೋ ಲೋ ಅಂತ ಶುರು ಮಾಡ್ತಾರೆ.

ಕ್ಯಾಲ್ಕುಲೇಟರ್ ತಗೊಂಡು ಕೂತೆ. ನಲವತ್ತೆಂಟು ಮಳಿಗೆಯವರು ತಿಂಗಳಿಗೆ ಐದೈದು ಸಾವಿರ ಜಾಸ್ತಿ ಕೊಟ್ರೆ 2,40,000. ಹದಿನಾಲ್ಕು ಜನಕ್ಕೆ ಪಿಎಫ್, ಇಎಸ್‌ಐ ಎಲ್ಲಾ ಸೇರಿ ಹದಿನೇಳು ಸಾವಿರದ ಹಾಗೆ ಹಿಡಿದ್ರೆ 2,38,000. ಎರಡು ಸಲ ಒತ್ತಿ ನೋಡಿದೆ, ಅಷ್ಟೇ ಬಂತು.

ಬುಧವಾರ ನಮ್ಮ ಸಾಲಿನವರನ್ನೆಲ್ಲಾ ಮಾತಾಡಿಸಿದೆ. ಬಳೆ ಅಂಗಡಿ ಅಜ್ಜಿ, "ಐದು ಸಾವಿರ ಆಗಲ್ಲಮ್ಮಾ, ಎರಡು ಕೊಡ್ತೀನಿ" ಅಂದ್ರು, ಅವರ ವ್ಯಾಪಾರಕ್ಕೆ ಅದೇ ಜಾಸ್ತಿ, ಆದ್ರೂ ಅಂದ್ರು. ಮೊಬೈಲ್ ಅಂಗಡಿಯವನು, ನಾಲ್ಕು ಮಳಿಗೆ ಇರೋನು, "ಅಕ್ಕಾ, ನಾವು ಕೊಟ್ಟ ದುಡ್ಡು ಅವರ ಸಂಬಳಕ್ಕೇ ಹೋಗತ್ತೆ ಅಂತ ಏನು ಗ್ಯಾರಂಟಿ?" ಅಂದ. ಅವನ ಪ್ರಶ್ನೆ ಸುಳ್ಳಲ್ಲ, ಹೋದ ವರ್ಷ ಪಾರ್ಕಿಗೆ ಕಮಾನು ಕಟ್ಟಿಸಿದ್ದನ್ನ ನಾವೆಲ್ಲ ನೋಡಿದೀವಿ. ಆದ್ರೆ ಅವನು ಕೇಳಿದ್ದು ಉತ್ತರಕ್ಕಲ್ಲ, ಕೊಡದೇ ಇರೋದಕ್ಕೆ. ಅದು ಮುಖದಲ್ಲೇ ಗೊತ್ತಾಗ್ತಿತ್ತು.

ಶುಕ್ರವಾರ ಮೀಟಿಂಗ್. ಆ ವಿಷಯ ಬಂದಾಗ ಗಲಾಟೆ ಆಗಿ ಮುಂದಿನ ಸಭೆಗೆ ಹಾಕಿದಾರಂತೆ. ಇವನಿಗೆ ಇನ್ನೊಂದು ತಿಂಗಳು ಸಿಕ್ತು ಅಂತ ಸಂತೋಷ ಪಡಲಾ, ಇನ್ನೊಂದು ತಿಂಗಳು ಹೀಗೇ ನೇತಾಡ್ಕೊಂಡಿರಬೇಕಲ್ಲ ಅಂತ ಸಂಕಟ ಪಡಲಾ ಗೊತ್ತಾಗ್ಲಿಲ್ಲ.

ಇವತ್ತು ಬೆಳಗಿನ ಜಾವ ನಾಲ್ಕಕ್ಕೆ ಚಾವಿ ಕಬ್ಬಿಣಕ್ಕೆ ತಾಗೋ ಶಬ್ದ ಕೇಳ್ತು. ಬಾಗಿಲು ತೆಗೆದು ಹೋದೆ. ಸ್ಟೇ ಕೇಸಲ್ಲಿ ನನ್ನ ಸಹಿ ಇದೆ ಕಣಪ್ಪಾ ಅಂತ ಹೇಳ್ಬಿಡಬೇಕಿತ್ತು, ಹೇಳಿದೆ. ಅವನು ಬಗ್ಗಿ ಸುತ್ತು ಎಣಿಸ್ತಿದ್ದ, ಹನ್ನೆರಡಕ್ಕೆ ನಿಲ್ಲಿಸಿ ಎದ್ದು ಬೆನ್ನು ನೆಟ್ಟಗೆ ಮಾಡ್ಕೊಂಡ. "ಗೊತ್ತು ಅಕ್ಕಾ. ಆ ಹಾಳೆ ನಾನೂ ಓದಿದ್ನಲ್ಲ" ಅಂದ. ಆಮೇಲೆ, "ಮೊದ್ಲು ಒಂದೈದು ನಿಮಿಷ ಕೆಂಪು ನೀರು ಬರತ್ತೆ, ಸಂಪ್‌ಗೆ ಬಿಡ್ಕೋಬೇಡಿ" ಅಂತ ಹೇಳಿ ಚಾವಿ ಹೆಗಲ ಮೇಲೆ ಹಾಕ್ಕೊಂಡು ಮುಂದಿನ ಬೀದಿಗೆ ಹೋದ.

ಕೇಸಿಂದ ನನ್ನ ಹೆಸರು ತೆಗೆಸೋಕೆ ವಕೀಲರಿಗೆ ಫೋನ್ ಮಾಡಿದೀನಿ, ಸೋಮವಾರ ಬನ್ನಿ ಅಂದಿದಾರೆ. ಬಳೆ ಅಂಗಡಿ ಅಜ್ಜಿ ತಾನೂ ಜೊತೇಲಿ ಬರ್ತೀನಿ ಅಂದಿದಾರೆ.