ಮೈಕ್ ಹಿಡಿದಾಗ ಮೊದಲು ಹೇಳಬೇಕಾದ್ದು: ಚೆಂಡು ಎಲ್ಲಿದೆ

ನಾನು ಇಂಗ್ಲೆಂಡಿನ ಉತ್ತರ ಭಾಗದ ಒಂದು ಸಣ್ಣ ಊರಿನ ಕಮ್ಯುನಿಟಿ ರೇಡಿಯೋದಲ್ಲಿ ಕೆಲಸ ಮಾಡುತ್ತೇನೆ. ವಾರದ ದಿನಗಳಲ್ಲಿ ಎಡಿಟಿಂಗ್, ಶೆಡ್ಯೂಲು, ಫೋನು. ಶನಿವಾರ ಮಧ್ಯಾಹ್ನ ನಮ್ಮೂರ ಫುಟ್‌ಬಾಲ್ ಕ್ಲಬ್ಬಿನ ಮ್ಯಾಚಿಗೆ ಕಾಮೆಂಟರಿ. ರಜೆಗೆ ಮೈಸೂರಿಗೆ ಹೋದಾಗ ಈ ಕೆಲಸದ ವಿಷಯ ಹೇಳಿದರೆ ಎಲ್ಲರೂ ಕೇಳುವುದು ಒಂದೇ: "ಮ್ಯಾಂಚೆಸ್ಟರ್ ಯುನೈಟೆಡ್ ಮ್ಯಾಚಿಗಾ?" ಅಲ್ಲ. ನಮ್ಮದು ನಾನ್-ಲೀಗ್ ಕ್ಲಬ್, ಮ್ಯಾಚಿಗೆ 500 ಜನ ಬಂದರೆ ಆವತ್ತು ಕ್ಲಬ್ಬಿನವರಿಗೆಲ್ಲ ಖುಷಿ. ಈ ಕೆಲಸಕ್ಕೆ ಬಂದು 6 ವರ್ಷವಾಯಿತು. ಮೊದಲ ವರ್ಷ ಮಾಡಿದ ಒಂದು ತಪ್ಪಿನ ಬಗ್ಗೆ, ಅದರಿಂದ ಕಲಿತದ್ದರ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಮೊದಲು ಈ ನಾನ್-ಲೀಗ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಇಲ್ಲಿನ ಫುಟ್‌ಬಾಲ್ ಒಂದು ಏಣಿ ಇದ್ದ ಹಾಗೆ. ತುದಿಯಲ್ಲಿ ಪ್ರೀಮಿಯರ್ ಲೀಗಿನ 20 ಕ್ಲಬ್ಬುಗಳು. ಅದರ ಕೆಳಗೆ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ, ಒಂದೊಂದರಲ್ಲಿ 24. ಒಟ್ಟು 92. ಅಲ್ಲಿಂದ ಕೆಳಗಿನದೆಲ್ಲ ನಾನ್-ಲೀಗ್. 5ನೇ ಮೆಟ್ಟಿಲಿನ ಹೆಸರೇ ನ್ಯಾಷನಲ್ ಲೀಗ್, ಆದರೂ ಅದು ನಾನ್-ಲೀಗೇ. ಒಂದು ಕಾಲದಲ್ಲಿ ಅಲ್ಲಿ ಗೆದ್ದರೂ ಮೇಲೆ ಹೋಗುವ ಗ್ಯಾರಂಟಿ ಇರಲಿಲ್ಲ. ಮೇಲಿನ ಕ್ಲಬ್ಬುಗಳು ವೋಟು ಹಾಕಿ ಒಳಗೆ ಬಿಟ್ಟುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಬರೀ ಆಟದ ಬಲದಿಂದ, ನೇರವಾಗಿ ಮೇಲೆ ಹೋದ ಮೊದಲ ಕ್ಲಬ್ ಸ್ಕಾರ್ಬರೋ, 1987ರಲ್ಲಿ.

ನಮ್ಮ ಕ್ಲಬ್ ಇರುವುದು 7ನೇ ಮೆಟ್ಟಿಲಿನಲ್ಲಿ. ನಮ್ಮ ಗೋಲ್‌ಕೀಪರ್ ವಾರವಿಡೀ ಮನೆಗಳಿಗೆ ವೈರಿಂಗ್ ಮಾಡುತ್ತಾನೆ. ಕ್ಯಾಪ್ಟನ್ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ಮಂಗಳವಾರ, ಗುರುವಾರ ಸಂಜೆ ಕೆಲಸ ಮುಗಿಸಿಕೊಂಡು ಪ್ರಾಕ್ಟೀಸಿಗೆ ಬರುತ್ತಾರೆ.

ಇಂಥ ಆಟಕ್ಕೆ ರೇಡಿಯೋ ಯಾಕೆ ಅಂತ ನಾನೂ ಮೊದಮೊದಲು ಕೇಳಿಕೊಂಡಿದ್ದೆ. ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ 2:45ರಿಂದ 5:15ರವರೆಗೆ ಟಿವಿಯಲ್ಲಿ ಫುಟ್‌ಬಾಲ್ ಲೈವ್ ತೋರಿಸುವ ಹಾಗಿಲ್ಲ. ದೊಡ್ಡ ಮ್ಯಾಚನ್ನು ಜನ ಮನೆಯಲ್ಲೇ ಕೂತು ನೋಡಿದರೆ ಸಣ್ಣ ಕ್ಲಬ್ಬುಗಳ ಮೈದಾನ ಖಾಲಿ ಹೊಡೆಯುತ್ತದೆ ಅಂತ 1960ರ ದಶಕದಲ್ಲಿ ಬಂದ ಕಟ್ಟುಪಾಡು ಇದು. ಬರ್ನ್ಲಿ ಕ್ಲಬ್ಬಿನ ಅಧ್ಯಕ್ಷರಾಗಿದ್ದ ಬಾಬ್ ಲಾರ್ಡ್ ಇದಕ್ಕೆ ಪಟ್ಟು ಹಿಡಿದಿದ್ದವರು. ರೇಡಿಯೋಗೆ ಈ ಅಡ್ಡಿ ಇಲ್ಲ. ಹಾಗಾಗಿ ಶನಿವಾರ 3 ಗಂಟೆ ಇವತ್ತಿಗೂ ರೇಡಿಯೋ ಹೊತ್ತು. ಬಿಬಿಸಿಯ ಸ್ಥಳೀಯ ರೇಡಿಯೋ ಶುರುವಾದದ್ದು 1967ರ ನವೆಂಬರಿನಲ್ಲಿ, ಲೆಸ್ಟರ್ ಊರಿನಿಂದ. ಅವರು ಜಾಸ್ತಿ ಹೇಳುವುದು ಮೇಲಿನ ಮೆಟ್ಟಿಲುಗಳ ಆಟ. ನಮ್ಮಂಥ ಕ್ಲಬ್ಬುಗಳಿಗೆ ಕಮ್ಯುನಿಟಿ ರೇಡಿಯೋ, ರೋಗಿಗಳಿಗಾಗಿ ನಡೆಸುವ ಆಸ್ಪತ್ರೆ ರೇಡಿಯೋ, ಇಲ್ಲವೇ ಕ್ಲಬ್ಬಿನವರದೇ ಆನ್‌ಲೈನ್ ಪ್ರಸಾರ.

ಈಗ ಆ ತಪ್ಪಿಗೆ ಬರುತ್ತೇನೆ. ನವೆಂಬರ್ ತಿಂಗಳು. ಬೆಳಿಗ್ಗೆಯಿಂದ ಮಳೆ. ಎರಡನೇ ಅರ್ಧ ಶುರುವಾಗುವ ಹೊತ್ತಿಗೆ ಆಟಗಾರರ ಬೆನ್ನ ಮೇಲಿನ ನಂಬರು ಕೆಸರಲ್ಲಿ ಮುಚ್ಚಿಹೋಗಿತ್ತು. 70ನೇ ನಿಮಿಷದ ಹತ್ತಿರ ನಮಗೊಂದು ಕಾರ್ನರ್ ಸಿಕ್ಕಿತು. ಚೆಂಡು ದೂರದ ಕಂಬಕ್ಕೆ ಬಂತು, ಎತ್ತರದವನೊಬ್ಬ ಹಾರಿ ತಲೆ ಕೊಟ್ಟ, ಗೋಲು! ನಾನು ಕೂಗಿಬಿಟ್ಟೆ, 5ನೇ ನಂಬರಿನವನ ಹೆಸರು ಹಿಡಿದು. ಒಂದಲ್ಲ, ನಾಲ್ಕು ಸಲ ಅದೇ ಹೆಸರು. ಹೊಡೆದವನು 6. ಇಬ್ಬರೂ ಡಿಫೆಂಡರ್‌ಗಳು, ಇಬ್ಬರೂ ಒಂದೇ ಎತ್ತರ, ಇಬ್ಬರದೂ ಬೋಳಿಸಿದ ತಲೆ. ಮ್ಯಾಚ್ ಮುಗಿದ ಮೇಲೆ ರೆಫರಿಯ ಚೀಟಿ ನೋಡಿದಾಗಲೇ ನನಗೆ ಗೊತ್ತಾದದ್ದು. ಅಷ್ಟೊತ್ತಿಗೆ ಪ್ರಸಾರ ಮುಗಿದಿತ್ತು. ಸೋಮವಾರ ವೆಬ್‌ಸೈಟಿನಲ್ಲಿ ಸರಿ ಮಾಡಿದರಾಯಿತು ಅಂದುಕೊಂಡು ಮನೆಗೆ ಹೋದೆ.

ಸೋಮವಾರ ಬೆಳಿಗ್ಗೆ ಸ್ಟುಡಿಯೋಗೆ ಒಂದು ಫೋನು ಬಂತು. ಮಾತಾಡಿದವರು ಆ 6ನೇ ನಂಬರಿನವನ ಅಪ್ಪ. ಲಾರಿ ಡ್ರೈವರ್. ಶನಿವಾರ ಸರಕು ಹೇರಿಕೊಂಡು ಎಂ6 ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋಗುತ್ತಿದ್ದರಂತೆ. ಫೋನಿನ ಆ್ಯಪಿನಲ್ಲಿ ನಮ್ಮ ಪ್ರಸಾರ ಹಾಕಿಕೊಂಡಿದ್ದರು. ಅವರಿಗೆ ಸಿಟ್ಟು ಇರಲಿಲ್ಲ. "ನನ್ನ ಮಗ ಈ ಕ್ಲಬ್ಬಿಗೆ ಹೊಡೆದ ಮೊದಲ ಗೋಲು ಅದು. ನಾನು ಕೇಳುತ್ತಾನೇ ಇದ್ದೆ, ಆದರೆ ನನಗೆ ಕೇಳಿಸಲಿಲ್ಲ" ಅಂದರು. ರೆಕಾರ್ಡಿಂಗ್ ಇದ್ದರೆ ಕಳಿಸಿ ಅಂತ ಕೇಳಿದರು. ಕಳಿಸಿದೆ. ಆ ರೆಕಾರ್ಡಿಂಗಿನಲ್ಲಿ ಅವರ ಮಗನ ಗೋಲಿಗೆ ಇನ್ನೊಬ್ಬರ ಮಗನ ಹೆಸರಿದೆ. ಅದನ್ನು ಕಳಿಸುವಾಗ ನನಗೆ ಆದ ಸಂಕಟ ಇವತ್ತಿಗೂ ಕಡಿಮೆಯಾಗಿಲ್ಲ.

ನಮ್ಮ ಸ್ಟೇಷನ್ನಿನಲ್ಲಿ ಒಬ್ಬ ಹಿರಿಯರಿದ್ದಾರೆ. ಹತ್ತಿಪ್ಪತ್ತು ವರ್ಷ ಆಸ್ಪತ್ರೆ ರೇಡಿಯೋದಲ್ಲಿ ಕಾಮೆಂಟರಿ ಮಾಡಿದವರು. ಅವರು ಬೈಯಲಿಲ್ಲ. ಆ ರೆಕಾರ್ಡಿಂಗ್ ಹಾಕಿ ನನ್ನನ್ನು ಎದುರು ಕೂರಿಸಿಕೊಂಡರು. "ಕಣ್ಣು ಮುಚ್ಚಿ ಕೇಳು. ಚೆಂಡು ಎಲ್ಲಿದೆ ಹೇಳು ನೋಡೋಣ" ಅಂದರು. ಹತ್ತು ನಿಮಿಷ ಕೇಳಿದೆ. ನನ್ನದೇ ದನಿ, ನಾನೇ ನೋಡಿದ ಆಟ. ಆದರೆ ಚೆಂಡು ಎಲ್ಲಿದೆ ಅಂತ ನನಗೇ ಗೊತ್ತಾಗಲಿಲ್ಲ. "ಒಳ್ಳೇ ಪಾಸ್", "ಎಂಥ ಓಟ", "ಅಯ್ಯೋ ತಪ್ಪಿತು", ಬರೀ ಇಂಥವೇ. ಟಿವಿ ನೋಡಿ ಕಲಿತ ಮಾತು ಅದು. ಟಿವಿಯಲ್ಲಿ ಚೆಂಡು ಎಲ್ಲಿದೆ ಅಂತ ಪರದೆಯೇ ತೋರಿಸುತ್ತದೆ. ರೇಡಿಯೋದಲ್ಲಿ ತೋರಿಸಬೇಕಾದವನು ನಾನು.

ಅವರು ಹೇಳಿಕೊಟ್ಟ ಕ್ರಮ ಇದು. ಮೊದಲು ಚೆಂಡು ಎಲ್ಲಿದೆ. ಆಮೇಲೆ ಯಾರ ಕಾಲಲ್ಲಿದೆ. ಆಮೇಲೆ ಯಾವ ಕಡೆಗೆ ಹೋಗುತ್ತಿದೆ. ಚೆನ್ನಾಗಿತ್ತಾ, ಕೆಟ್ಟದಾಗಿತ್ತಾ ಅನ್ನುವುದು ಕೊನೆಗೆ, ಹೊತ್ತು ಸಿಕ್ಕರೆ. ಯಾರ ಕಾಲಲ್ಲಿ ಅಂತ ಖಾತ್ರಿ ಇಲ್ಲದಿದ್ದರೆ ಹೆಸರು ಹೇಳಲೇಬೇಡ, "ನಮ್ಮ ಡಿಫೆಂಡರ್ ಒಬ್ಬ ತಲೆ ಕೊಟ್ಟ, ಗೋಲು" ಅನ್ನು. ಹೊಡೆದವನನ್ನು ಮಿಕ್ಕವರು ಹೋಗಿ ತಬ್ಬಿಕೊಳ್ಳುತ್ತಾರೆ, ಅದನ್ನು ನೋಡಿ ಹೆಸರು ಹೇಳು, ಹತ್ತು ಸೆಕೆಂಡು ತಡವಾದರೆ ಯಾರಿಗೂ ನಷ್ಟವಿಲ್ಲ. ತಪ್ಪು ಹೇಳಿದ್ದು ಗೊತ್ತಾದ ಕೂಡಲೇ ತಿದ್ದು, ವಾರ ಬಿಟ್ಟಲ್ಲ. ಮುಂದಿನ ಶನಿವಾರ ಪ್ರಸಾರ ಶುರುವಾದ ತಕ್ಷಣ ನಾನು ಮಾಡಿದ ಮೊದಲ ಕೆಲಸ ಅದು. ಹೋದ ವಾರದ ಗೋಲು ಯಾರದು, ಎಷ್ಟನೇ ನಿಮಿಷದ್ದು, ಯಾವ ಕಂಬದ ಹತ್ತಿರ, ಎಲ್ಲ ಹೇಳಿದೆ. ಆ ಹುಡುಗನ ಅಪ್ಪ ಆವತ್ತು ಎಲ್ಲಿ ಲಾರಿ ಓಡಿಸುತ್ತಿದ್ದರೋ ಏನೋ.

ಹಿರಿಯರ ಮುಂದೆ ಯಾವಾಗಲೂ ಒಂದು ಪುಟ್ಟ ಮರಳು ಗಡಿಯಾರ ಇರುತ್ತದೆ. ಮೊಟ್ಟೆ ಬೇಯಿಸುವಾಗ ಇಟ್ಟುಕೊಳ್ಳುವಂಥದ್ದು, 3 ನಿಮಿಷದ್ದು. ಮರಳು ಕೆಳಗೆ ಇಳಿದಾಗಲೆಲ್ಲ ಸ್ಕೋರು ಹೇಳಿ ತಿರುವಿ ಇಡುತ್ತಾರೆ. ಅಮೆರಿಕದ ಬೇಸ್‌ಬಾಲ್ ಕಾಮೆಂಟೇಟರ್ ರೆಡ್ ಬಾರ್ಬರ್ ಹೀಗೆ ಮಾಡುತ್ತಿದ್ದರಂತೆ, ಅಲ್ಲಿಂದ ಕಲಿತದ್ದು. ಯಾರೋ ಒಬ್ಬರು ಅದೇ ಗಳಿಗೆಯಲ್ಲಿ ಕಾರು ಸ್ಟಾರ್ಟ್ ಮಾಡಿ ರೇಡಿಯೋ ಹಾಕಿರುತ್ತಾರೆ. ಅವರಿಗೆ ಮೊದಲು ಬೇಕಾದ್ದು ಸ್ಕೋರು.

ಚೆಂಡು ಎಲ್ಲಿದೆ ಅನ್ನುವ ಚಿಂತೆ ರೇಡಿಯೋದಷ್ಟೇ ಹಳೆಯದು. ಬಿಬಿಸಿ ಮೊದಲ ಸಲ ಫುಟ್‌ಬಾಲ್ ಕಾಮೆಂಟರಿ ಪ್ರಸಾರ ಮಾಡಿದ್ದು 1927ರ ಜನವರಿ 22ರಂದು, ಆರ್ಸೆನಲ್ ಮತ್ತು ಶೆಫೀಲ್ಡ್ ಯುನೈಟೆಡ್ ಮ್ಯಾಚು. ಆಟ 1-1 ಡ್ರಾ. ಆ ವಾರದ ರೇಡಿಯೋ ಟೈಮ್ಸ್ ಪತ್ರಿಕೆಯಲ್ಲಿ ಮೈದಾನದ ನಕ್ಷೆ ಅಚ್ಚಾಗಿತ್ತು, ನಂಬರು ಹಾಕಿದ ಚೌಕಗಳಾಗಿ ಭಾಗ ಮಾಡಿ. ಟೆಡ್ಡಿ ವೇಕ್‌ಲಮ್ ಆಟ ಹೇಳುತ್ತಿದ್ದರೆ ಪಕ್ಕದಲ್ಲಿ ಕೂತ ಇನ್ನೊಬ್ಬರು ಚೌಕದ ನಂಬರು ಹೇಳುತ್ತಿದ್ದರು. ಜನ ಮನೆಯಲ್ಲಿ ಪತ್ರಿಕೆ ಹರಡಿಕೊಂಡು ಆ ಚೌಕದ ಮೇಲೆ ಬೆರಳಿಡಬಹುದಿತ್ತು. ಅದಕ್ಕೂ ಒಂದು ವಾರ ಮುಂಚೆ ರಗ್ಬಿ ಮ್ಯಾಚಿನಲ್ಲಿ ವೇಕ್‌ಲಮ್ ಎದುರಿಗೆ ಒಬ್ಬ ಕುರುಡರನ್ನು ಕೂರಿಸಿದ್ದರು, ಅವರಿಗೆ ಹೇಳುತ್ತಿರುವ ಹಾಗೆ ಆಟ ಹೇಳಲಿ ಅಂತ. ನೂರು ವರ್ಷ ಆಗುತ್ತ ಬಂತು. ಇದಕ್ಕಿಂತ ಒಳ್ಳೆಯ ಉಪಾಯ ಇನ್ನೂ ಯಾರಿಗೂ ಹೊಳೆದಿಲ್ಲ ಅನಿಸುತ್ತದೆ ನನಗೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ಅಜ್ಜಿ. ಚಿಕ್ಕಂದಿನಲ್ಲಿ ವಿಜಯದಶಮಿ ದಿನ ನಾವೆಲ್ಲ ಜಂಬೂ ಸವಾರಿ ನೋಡಲು ಓಡುತ್ತಿದ್ದೆವು. ಮಂಡಿನೋವಿನ ಅಜ್ಜಿ ಮಾತ್ರ ಮನೆಯಲ್ಲಿ ಆಕಾಶವಾಣಿಯ ವೀಕ್ಷಕ ವಿವರಣೆ ಹಾಕಿಕೊಂಡು ಕೂರುತ್ತಿದ್ದರು. ಒಂದು ವರ್ಷ ಜ್ವರ ಬಂದು ನಾನೂ ಅವರ ಜೊತೆ ಉಳಿದೆ. ಅಂಬಾರಿ ಕೆ.ಆರ್. ಸರ್ಕಲ್ಲಿಗೆ ಬಂತು ಅಂದಾಗ ಅಜ್ಜಿ ಸೆರಗು ಸರಿಮಾಡಿಕೊಂಡರು. ಸಯ್ಯಾಜಿರಾವ್ ರಸ್ತೆ ಅಂದಾಗ ಎದ್ದು ನಿಂತರು. ಆಯುರ್ವೇದ ಆಸ್ಪತ್ರೆ ಸರ್ಕಲ್ ಅಂದಾಗ ಕೈ ಮುಗಿದರು, ಯಾಕೆಂದರೆ ಮಂಡಿ ಗಟ್ಟಿ ಇದ್ದ ಕಾಲದಲ್ಲಿ ಅವರು ನಿಂತು ನೋಡುತ್ತಿದ್ದ ಜಾಗ ಅದು. ಆನೆ ಭವ್ಯವಾಗಿತ್ತು ಅಂತ ರೇಡಿಯೋದವರು ಎಷ್ಟು ಸಲ ಹೇಳಿದರೋ ನೆನಪಿಲ್ಲ. ಸರ್ಕಲ್ಲಿನ ಹೆಸರುಗಳು ನೆನಪಿವೆ.

ಹಾಗಾಗಿ ಈಗ ನಾನು ಎಡ, ಬಲ ಅಂತ ಜಾಸ್ತಿ ಹೇಳುವುದಿಲ್ಲ. ಟೀ ಅಂಗಡಿ ಕಡೆಯ ಗೆರೆ ಅನ್ನುತ್ತೇನೆ. ಚರ್ಚ್ ಕಡೆಯ ಗೋಲು ಅನ್ನುತ್ತೇನೆ. ಮೈದಾನ ಒಂದು ಮೂಲೆಯಲ್ಲಿ ಸ್ವಲ್ಪ ಇಳಿಜಾರು, ಅಲ್ಲಿ ಚೆಂಡು ತಾನೇ ಉರುಳಿ ಆಚೆ ಹೋಗುತ್ತದೆ. "ಇಳಿಜಾರಿನ ಮೂಲೆ" ಅಂದರೆ ಸಾಕು, ಕೇಳುವವರಿಗೆ ಚಿತ್ರ ಬಂದುಬಿಡುತ್ತದೆ. ಅವರೆಲ್ಲ ಅಲ್ಲಿ ನಿಂತು ನೆನೆದವರೇ ಅಲ್ವಾ! ದೇಶಕ್ಕೆಲ್ಲ ಹೇಳುವ ಕಾಮೆಂಟೇಟರಿಗೆ ಈ ಅನುಕೂಲ ಇಲ್ಲ.

ಹೆಸರಿನ ವಿಷಯಕ್ಕೂ ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಆಟಕ್ಕೆ ಸುಮಾರು ಒಂದು ಗಂಟೆ ಮುಂಚೆ ಟೀಮ್ ಶೀಟ್ ಕೈಗೆ ಬರುತ್ತದೆ. ಅದನ್ನು ಹಿಡಿದುಕೊಂಡು ಎದುರಾಳಿ ತಂಡದ ಕಿಟ್ ನೋಡಿಕೊಳ್ಳುವವರ ಹತ್ತಿರ ಹೋಗುತ್ತೇನೆ. ಒಂದೊಂದು ಹೆಸರನ್ನೂ ಬಾಯಿಬಿಟ್ಟು ಹೇಳಿಸಿ ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಇಂಗ್ಲಿಷಿನಲ್ಲಿ ಬರೆದದ್ದನ್ನು ನಂಬುವ ಹಾಗಿಲ್ಲ. ಉತ್ತರದಲ್ಲಿ ಆನಿಕ್ ಅಂತ ಒಂದು ಊರಿದೆ, ಬರೆದ ಹಾಗೆ ಓದಿದರೆ ಆಲ್ನ್‌ವಿಕ್. ಊರಿಗೇ ಹೀಗಾದರೆ ಐರಿಶ್, ಪೋಲಿಷ್, ನೈಜೀರಿಯಾದ ಮನೆತನಗಳ ಹೆಸರು ಕೇಳಬೇಕೇ? ನಮ್ಮ ಅಕ್ಷರ ಕೇಳಿದ್ದನ್ನು ಕೇಳಿದ ಹಾಗೇ ಇಟ್ಟುಕೊಳ್ಳುತ್ತದೆ. ಒ ಬೇಕೋ ಓ ಬೇಕೋ, ದ ಬೇಕೋ ಡ ಬೇಕೋ, ಅನುಮಾನವೇ ಇರುವುದಿಲ್ಲ. ಈ ದೇಶದಲ್ಲಿ ನನ್ನ ಹೆಸರನ್ನು ಎಷ್ಟೋ ಜನ ಮುರಿದು ಹೇಳಿದ್ದಾರೆ, ಅದು ಹೇಗನಿಸುತ್ತದೆ ಅಂತ ಗೊತ್ತು. ಆ ಹಾಳೆ ಪ್ಲಾಸ್ಟಿಕ್ ಕವರಿನೊಳಗೆ, ಬರೆಯುವುದು ಪೆನ್ಸಿಲಿನಲ್ಲಿ. ಮಳೆಯಲ್ಲಿ ಪೆನ್ನು ಕೈಕೊಡುತ್ತದೆ.

ಆಮೇಲೆ ವಾರ್ಮ್-ಅಪ್ ನೋಡುತ್ತೇನೆ. ಬೂಟಿನ ಬಣ್ಣ, ಕಾಲುಚೀಲಕ್ಕೆ ಸುತ್ತಿದ ಟೇಪು, ಯಾರದು ಎಡಗಾಲು, ಯಾರು ಭುಜ ಬಗ್ಗಿಸಿ ಓಡುತ್ತಾರೆ. ನಂಬರು ಕೆಸರಲ್ಲಿ ಮುಚ್ಚಿದರೂ ಓಟ ಮುಚ್ಚುವುದಿಲ್ಲ. ಆ 6ನೇ ನಂಬರಿನವನು ಚೆಂಡಿಗೆ ಹಾರುವ ಮುಂಚೆ ಎರಡೂ ಕೈ ಹಿಂದಕ್ಕೆ ಬೀಸುತ್ತಾನೆ, ಈಜಲು ಧುಮುಕುವವರ ಹಾಗೆ. ಮೊದಲೇ ನೋಡಿದ್ದರೆ ಆವತ್ತು ತಪ್ಪುತ್ತಿರಲಿಲ್ಲ.

ನಮಗೆ ಪ್ರೆಸ್ ಬಾಕ್ಸ್ ಇಲ್ಲ. ಸ್ಟ್ಯಾಂಡಿನ ಕೊನೇ ಸಾಲಿನಲ್ಲಿ ಒಂದು ಹಲಗೆ. ತುಟಿಗೆ ಒತ್ತಿ ಹಿಡಿಯುವ ಲಿಪ್ ಮೈಕು. ಸುತ್ತ ಎಷ್ಟೇ ಗಲಾಟೆ ಇದ್ದರೂ ಅದು ಬಾಯಿಯ ಮಾತನ್ನು ಮಾತ್ರ ಎತ್ತಿಕೊಳ್ಳುತ್ತದೆ. ದೊಡ್ಡ, ಸಣ್ಣ ಕ್ಲಬ್ಬುಗಳೆಲ್ಲ ಒಟ್ಟಿಗೆ ಆಡುವ ಎಫ್‌ಎ ಕಪ್ ಬಂದರೆ ಕತೆ ಬೇರೆ. ಅರ್ಹತಾ ಸುತ್ತು ಆಗಸ್ಟಿನಲ್ಲೇ ಶುರು. ನಮ್ಮಂಥವರು ಒಂದೊಂದೇ ಗೆದ್ದು ನವೆಂಬರಿನ ಮೊದಲ ಸುತ್ತು ಮುಟ್ಟಿದರೆ ಆ ಹಲಗೆಯ ಮೇಲೆ ಜಾಗವೇ ಸಿಗುವುದಿಲ್ಲ, ದೊಡ್ಡ ವಾಹಿನಿಯವರೂ ಬಂದಿರುತ್ತಾರೆ. ಬರಲಿ. 1972ರ ಫೆಬ್ರವರಿಯಲ್ಲಿ ಇದೇ ಕಪ್ಪಿನಲ್ಲಿ ನಾನ್-ಲೀಗ್ ಕ್ಲಬ್ ಹೆರೆಫರ್ಡ್, ತುದಿಯ ಮೆಟ್ಟಿಲಿನ ನ್ಯೂಕಾಸಲ್ ತಂಡವನ್ನು 2-1ರಿಂದ ಸೋಲಿಸಿದಾಗ ಟಿವಿಯಲ್ಲಿ ಆಟ ಹೇಳಿದವರು ಜಾನ್ ಮಾಟ್ಸನ್. ಅವರಿಗೆ ಹೆಸರು ಬಂದದ್ದೇ ಆ ಮ್ಯಾಚಿನಿಂದ. ಟಿವಿಗೆ ಹೋಗುವ ಮುಂಚೆ ಅವರೂ ಶೆಫೀಲ್ಡಿನ ಸ್ಥಳೀಯ ರೇಡಿಯೋದಲ್ಲಿ ಇದ್ದವರೇ.

ನಮ್ಮ ಮೈದಾನಕ್ಕೆ ಕಣ್ಣು ಕಾಣದ ಒಬ್ಬರು ಪ್ರತಿ ಶನಿವಾರ ಬರುತ್ತಾರೆ. ಆನ್‌ಲೈನ್ ಪ್ರಸಾರ ಅರ್ಧ ನಿಮಿಷ ಹಿಂದಿರುತ್ತದೆ. ಹಾಗಾಗಿ ಜನ ಕೂಗಿದ್ದು ಅವರ ಕಿವಿಗೆ ಮೊದಲು ಬೀಳುತ್ತಿತ್ತು, ಗೋಲು ಅಂತ ನಾನು ಹೇಳಿದ್ದು ಆಮೇಲೆ. ಹೋದ ವರ್ಷ ಮೈದಾನದೊಳಗೇ ಕೇಳುವ ಹಾಗೆ ಒಂದು ಸಣ್ಣ ಟ್ರಾನ್ಸ್‌ಮಿಟರ್, ನಾಲ್ಕು ಹೆಡ್‌ಫೋನ್ ತಂದೆವು. ಮೊದಲ ದಿನ ಆಟ ಮುಗಿದ ಮೇಲೆ ಅವರ ಹತ್ತಿರ ಹೋಗಿ ಹೇಗಿತ್ತು ಅಂತ ಕೇಳಿದೆ.

"ಎಲ್ಲ ಕಾಣಿಸಿತು. ಆದರೆ ಎರಡನೇ ಅರ್ಧದಲ್ಲಿ ನಮ್ಮ ಕೀಪರ್ ಒದ್ದದ್ದೆಲ್ಲ ಯಾಕೆ ಅಷ್ಟು ಹತ್ತಿರ ಬೀಳುತ್ತಿತ್ತು? ಗಾಳಿ ಯಾವ ಕಡೆಯಿಂದ ಇತ್ತು? ನೀವು ಹೇಳಲೇ ಇಲ್ಲ" ಅಂದರು.

ಗಾಳಿ ಚರ್ಚ್ ಕಡೆಯಿಂದ ಇತ್ತು. ಈಗ ಮೈಕ್ ಎತ್ತಿಕೊಳ್ಳುವ ಮುಂಚೆ ನಾಲ್ಕೂ ಮೂಲೆಯ ಬಾವುಟ ನೋಡುತ್ತೇನೆ.