ಕಿವಿಗಾಗಿ ಕಟ್ಟಿದ ಕಾರಂಜಿ

ಮನೆಯ ತೋಟದಲ್ಲಿ ನೀರಿನದೊಂದು ಅಲಂಕಾರ ಕಟ್ಟಬೇಕೆಂದು ಹೊರಟಾಗ ನಾನು ಹಾಕಿಕೊಂಡ ಷರತ್ತು ಒಂದೇ: ತೆರೆದ ನೀರು ಎಲ್ಲಿಯೂ ಇರಬಾರದು. ಅಕ್ಕಪಕ್ಕದ ಮನೆಗಳ ಪುಟ್ಟ ಮಕ್ಕಳು ಬೇಲಿಯ ಸಂದಿಯಿಂದ ನುಸುಳಿ ನಮ್ಮ ಗಿಡಗಳ ನಡುವೆ ಆಡುತ್ತಾರೆ. ಆಗಷ್ಟೇ ನಡೆಯಲು ಕಲಿತ ಮಗು ಮುಗ್ಗರಿಸಿದರೆ ಕೆಲವೇ ಸೆಂಟಿಮೀಟರ್ ಆಳದ ನೀರೂ ಪ್ರಾಣಕ್ಕೆ ಎರವಾಗಬಲ್ಲದು. ಅಂದಕ್ಕಾಗಿ ಅಂಥ ಅಪಾಯವನ್ನು ಮನೆಯ ಮುಂದೆ ತಂದಿಟ್ಟುಕೊಳ್ಳಲು ನನ್ನ ಮನಸ್ಸು ಒಪ್ಪಲಿಲ್ಲ. ನಿಂತ ನೀರಿನಲ್ಲಿ ಹುಟ್ಟುವ ಸೊಳ್ಳೆಗಳ ಚಿಂತೆಯೂ ಇತ್ತು. ಹಾಗಾಗಿ ಕೊಳ, ತಾವರೆ, ಮೀನುಗಳ ಆಸೆಯನ್ನೆಲ್ಲ ಬದಿಗಿಟ್ಟು, ನೆಲದಡಿಯಲ್ಲಿ ತೊಟ್ಟಿ ಅಡಗಿರುವ ಕಾರಂಜಿಯನ್ನು ಆರಿಸಿಕೊಂಡೆ.

ಅದರ ರಚನೆ ಸರಳ. ನೆಲದಲ್ಲಿ ಹೂತ ಒಂದು ತೊಟ್ಟಿ, ಅದರ ಬಾಯಿಗೆ ಗಟ್ಟಿಯಾದ ಕಬ್ಬಿಣದ ಜಾಲರಿ, ಜಾಲರಿಯ ಮೇಲೆ ನುಣುಪಾದ ಬೆಣಚುಕಲ್ಲುಗಳು, ಕಲ್ಲುಗಳ ನಡುವೆ ಮಣ್ಣಿನ ಗುಡಾಣ. ತೊಟ್ಟಿಯೊಳಗಿನ ಪಂಪ್ ಗುಡಾಣದ ತಳದಲ್ಲಿ ಕೊರೆದ ತೂತಿನ ಮೂಲಕ ನೀರನ್ನು ಮೇಲಕ್ಕೆ ತಳ್ಳುತ್ತದೆ. ಗುಡಾಣ ತುಂಬಿ ಹೊರಚೆಲ್ಲಿದ ನೀರು ಕಲ್ಲುಗಳ ಸಂದಿಯಲ್ಲಿ ಇಳಿದು ಮತ್ತೆ ತೊಟ್ಟಿ ಸೇರುತ್ತದೆ. ಅದೇ ನೀರು ಸುತ್ತುತ್ತಲೇ ಇರುತ್ತದೆ.

ಇಷ್ಟೆಲ್ಲ ಸಾಹಸಕ್ಕೆ ಕಾರಣ ನಾನು ಓದಲು ಕೂರುವ ಕೋಣೆ. ಅದರ ಕಿಟಕಿ ತೋಟಕ್ಕೆ ತೆರೆದುಕೊಳ್ಳುತ್ತದೆ, ತೋಟದಾಚೆಗೆ ರಸ್ತೆ. ವಾಹನಗಳ ಸದ್ದು ಕಿವಿಗೆ ಬೀಳುತ್ತಿರುವಷ್ಟು ಹೊತ್ತು ಮನಸ್ಸು ಪುಟದ ಮೇಲೆ ನಿಲ್ಲುವುದಿಲ್ಲ. ಕಿವಿಗೆ ಹಿಡಿದುಕೊಳ್ಳಲು ಬೇರೇನಾದರೂ ಕೊಡಬೇಕೆನಿಸಿತು. ತೋಟದ ಕಾರಂಜಿಯ ಬಗ್ಗೆ ಮಾತನಾಡುವವರೆಲ್ಲ ಅದು ಕಾಣುವ ಬಗೆಯನ್ನೇ ಹೇಳುತ್ತಾರೆ. ಆದರೆ ದಿನದಲ್ಲಿ ನಾವು ಅದನ್ನು ನೋಡುವುದು ಎಷ್ಟು ಹೊತ್ತು? ಕೇಳುವುದು ಇಡೀ ದಿನ. ಆದ್ದರಿಂದ ಮೊದಲು ಕಿವಿಗೆ ಒಪ್ಪಬೇಕು, ಆಮೇಲೆ ಕಣ್ಣಿಗೆ.

ಗುಡಾಣಕ್ಕೆ ತೂತು ಕೊರೆಯುವ ಕೆಲಸವನ್ನು ಮೊದಲೇ ಮುಗಿಸಿಟ್ಟಿದ್ದೆ. ಸುಟ್ಟ ಮಣ್ಣನ್ನು ಒಣಗಿದ್ದಾಗ ಕೊರೆದರೆ ಬಿರುಕು ಬಿಡುತ್ತದೆ. ಅದನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಬೇಕು, ತೂತಿನ ಜಾಗಕ್ಕೆ ಒಳಗಿನಿಂದ ಮರದ ತುಂಡನ್ನು ಆನಿಸಬೇಕು, ಡ್ರಿಲ್‌ನ ಸುತ್ತಿಗೆ ಏಟನ್ನು ಬಂದ್ ಮಾಡಿ, ಸಣ್ಣ ಮೊನೆಯಿಂದ ಆರಂಭಿಸಿ, ನಡುನಡುವೆ ನೀರು ಹನಿಸುತ್ತ ನಿಧಾನವಾಗಿ ಒಳಕ್ಕೆ ಇಳಿಯಬೇಕು. ಒತ್ತಡ ಹಾಕುವುದು ಬೇಡ, ಉಪಕರಣದ ಭಾರವೇ ಸಾಕು. ಕೊಳವೆಯನ್ನು ತೂರಿಸಿ ಸುತ್ತಲೂ ಸಿಲಿಕೋನ್ ತುಂಬಿ, ಒಂದು ಪೂರ್ತಿ ದಿನ ಮುಟ್ಟದೆ ಬಿಟ್ಟಿದ್ದೆ. ಸಿಲಿಕೋನ್ ಅಂಟಬೇಕಾದರೆ ಮಣ್ಣು ಒಣಗಿರಬೇಕು. ಹಾಗಾಗಿ ಕೊರೆದ ಮೇಲೆ ಗುಡಾಣವನ್ನು ಚೆನ್ನಾಗಿ ಬಿಸಿಲಿಗಿಟ್ಟು ಆರಿಸಿದ ಮೇಲಷ್ಟೇ ಆ ಕೆಲಸ.

ಜೋಡಣೆಗೆ ಒಂದು ಭಾನುವಾರವನ್ನು ಮೀಸಲಿಟ್ಟೆ. ಬೆಳಿಗ್ಗೆ ತಂಪಿನಲ್ಲಿ ಅಗೆಯಲು ಇಳಿದೆ. ಮರದಡಿಯ ಜಾಗ ಬೇಡವೆಂದು ಮೊದಲೇ ತೀರ್ಮಾನಿಸಿದ್ದೆ, ಏಕೆಂದರೆ ಉದುರಿದ ಎಲೆಗಳು ಕಲ್ಲುಸಂದಿಯಲ್ಲಿ ಕೊಳೆತು ಪಂಪಿನ ಬಾಯಿ ಕಟ್ಟುತ್ತವೆ. ಮಟಮಟ ಮಧ್ಯಾಹ್ನದ ಬಿಸಿಲೂ ಬೇಡ. ಬಿಸಿಲು ಹೆಚ್ಚಾದಷ್ಟೂ ಪಾಚಿ, ನೀರು ಆವಿಯಾಗುವುದೂ ಹೆಚ್ಚು. ಗೋಡೆಯ ನೆರಳು ಬೀಳುವ, ಕಿಟಕಿಯಿಂದ ಮೂರು ಮಾರು ದೂರದ ಮೂಲೆ ಸರಿಹೋಯಿತು. ತೊಟ್ಟಿ ಸುಮಾರು 80 ಲೀಟರ್ ಹಿಡಿಯುವಂಥದ್ದು, 45 ಸೆಂಟಿಮೀಟರ್ ಆಳದ್ದು. ಗುಂಡಿಯ ತಳಕ್ಕೆ ಮರಳು ಹಾಸಿ, ತೊಟ್ಟಿಯನ್ನು ಕೂರಿಸಿ, ಅದರೊಳಗೆ ನೀರು ತುಂಬುತ್ತ ತುಂಬುತ್ತ ಸುತ್ತಲಿನ ಸಂದಿಗೆ ಮಣ್ಣು ಹಾಕಿದೆ. ಖಾಲಿ ತೊಟ್ಟಿಯ ಸುತ್ತ ಮಣ್ಣು ಬಡಿದರೆ ಅದರ ಪಕ್ಕೆಗಳು ಒಳಕ್ಕೆ ಬಾಗುತ್ತವೆ. ಒಳಗಿನ ನೀರು ಆ ಒತ್ತಡವನ್ನು ತಡೆಯುತ್ತದೆ.

ಪಂಪಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ‘ಗಂಟೆಗೆ ಇಷ್ಟು ಲೀಟರ್’ ಎಂಬ ಅಂಕಿ ನೀರನ್ನು ಸ್ವಲ್ಪವೂ ಮೇಲೆತ್ತದಿದ್ದಾಗ ಸಿಗುವ ಪ್ರಮಾಣ. ಎತ್ತರ ಹೆಚ್ಚಿದಂತೆ ಅದು ಇಳಿಯುತ್ತ ಹೋಗಿ, ಅಲ್ಲಿಯೇ ಸಣ್ಣ ಅಕ್ಷರದಲ್ಲಿ ಬರೆದಿರುವ ಗರಿಷ್ಠ ಎತ್ತರದಲ್ಲಿ ಸೊನ್ನೆಯಾಗುತ್ತದೆ. ಎತ್ತರವನ್ನು ಅಳೆಯಬೇಕಾದದ್ದು ಪಂಪ್ ಇರುವಲ್ಲಿಂದಲ್ಲ, ತೊಟ್ಟಿಯ ನೀರಿನ ಮೇಲ್ಮೈಯಿಂದ. ನನ್ನ ಗುಡಾಣದ ಬಾಯಿ ನೀರಿನಿಂದ ಒಂದು ಮೀಟರ್‌ನಷ್ಟು ಮೇಲಿತ್ತು. ಅದರ ಎರಡು ಪಟ್ಟು ಎತ್ತರಕ್ಕೆ ನೀರೆತ್ತಬಲ್ಲ ಪಂಪನ್ನು ಆರಿಸಿ, ಹೊರಹರಿವಿನ ಕೊಳವೆಗೆ ಒಂದು ತಿರುಪು ಕವಾಟ ಹಾಕಿಸಿದೆ. ಹರಿವನ್ನು ತಗ್ಗಿಸುವುದಿದ್ದರೆ ಹೊರಬಾಯಿಯಲ್ಲೇ ತಗ್ಗಿಸಬೇಕು. ನೀರು ಎಳೆದುಕೊಳ್ಳುವ ಬಾಯಿಯನ್ನು ಕಟ್ಟಿದರೆ ಪಂಪ್ ಕೆಡುತ್ತದೆ.

ವಿದ್ಯುತ್ತಿನ ಕೆಲಸವನ್ನು ಮಾತ್ರ ಪರಿಣತರಿಗೆ ಬಿಟ್ಟೆ. 30 ಮಿಲಿಆಂಪಿಯರ್ ಸೋರಿಕೆ ಕಂಡ ಕೂಡಲೇ ಸಂಪರ್ಕ ಕಡಿಯುವ ಸುರಕ್ಷಾ ಸ್ವಿಚ್ ಇಲ್ಲದೆ ತೋಟದ ನೀರಿಗೂ ವಿದ್ಯುತ್ತಿಗೂ ನಂಟು ಬೆಳೆಸಬಾರದು. ಈ ವಿಷಯದಲ್ಲಿ ಉಳಿತಾಯದ ಮಾತನ್ನು ನಾನು ಕೇಳಿಸಿಕೊಳ್ಳುವುದೇ ಇಲ್ಲ.

ಗುಡಾಣವನ್ನು ಮಟ್ಟವಾಗಿ ಕೂರಿಸುವುದೇ ಆ ಬೆಳಗಿನ ಅತ್ಯಂತ ಸೂಕ್ಷ್ಮ ಕೆಲಸವಾಯಿತು. ಬಾಯಿಯ ಅಂಚು ಒಂದು ಕಡೆ ಎರಡು ಮಿಲಿಮೀಟರ್ ತಗ್ಗಿದ್ದರೂ ನೀರೆಲ್ಲ ಆ ಕಡೆಯಿಂದಲೇ ಸುರಿಯುತ್ತದೆ, ಉಳಿದ ಮೈ ಒಣಗಿ ನಿಲ್ಲುತ್ತದೆ. ಗುಡಾಣದ ಅಂಚು ಕೈಯಿಂದ ತಟ್ಟಿದ್ದು, ಅಲ್ಲಲ್ಲಿ ಏರಿಳಿತ ಇತ್ತು. ಗುಳ್ಳೆಮಟ್ಟ (ಸ್ಪಿರಿಟ್ ಲೆವೆಲ್) ಇಟ್ಟ ಜಾಗಕ್ಕೊಂದು ಉತ್ತರ ಹೇಳುತ್ತಿತ್ತು. ಕೊನೆಗೆ ಕಟ್ಟಡ ಕೆಲಸಗಾರರು ಬಳಸುವ ನೀರಿನ ಕೊಳವೆಯನ್ನೇ ತಂದೆ. ಪಾರದರ್ಶಕ ಕೊಳವೆಯಲ್ಲಿ ಗುಳ್ಳೆಯಿಲ್ಲದಂತೆ ನೀರು ತುಂಬಿ ಎರಡು ತುದಿಗಳನ್ನು ಅಂಚಿನ ಎರಡು ಬದಿಗೆ ಹಿಡಿದರೆ, ಎರಡೂ ಕಡೆಯ ನೀರು ಒಂದೇ ಎತ್ತರದಲ್ಲಿ ನಿಲ್ಲುತ್ತದೆ. ನನ್ನ ಮಗಳು ಒಂದು ತುದಿ ಹಿಡಿದಳು, ನಾನು ಇನ್ನೊಂದು. ಗುಡಾಣದ ಬುಡಕ್ಕೆ ತೆಳುವಾದ ಸ್ಲೇಟು ಚೂರುಗಳನ್ನು ತುರುಕುತ್ತ, ಉಬ್ಬಿದ ಕಡೆ ಅಂಚನ್ನು ಮರಳುಕಾಗದದಿಂದ ಉಜ್ಜುತ್ತ ಸುತ್ತಲೂ ಬಂದೆವು. ನೀರಿಗೆ ಬೇಕಾದ ಮಟ್ಟವನ್ನು ನೀರೇ ತೋರಿಸುವ ಈ ವಿಧಾನ ನನಗೆ ತುಂಬ ಪ್ರಿಯವಾದದ್ದು.

ಮಧ್ಯಾಹ್ನದ ಹೊತ್ತಿಗೆ ಪಂಪ್ ಹಾಕಿದೆವು. ಗುಡಾಣ ತುಂಬಿತು. ನೀರು ಅಂಚಿನ ಮೇಲೆ ಸ್ವಲ್ಪ ಹೊತ್ತು ಉಬ್ಬಿ ನಿಂತು, ಆಮೇಲೆ ಒಮ್ಮೆಗೇ ಸುತ್ತಲೂ ಇಳಿಯಿತು. ಹೊಳಪು ಹಚ್ಚದ ಮಣ್ಣಿನ ಮೈ ನೆನೆಯುತ್ತ ಹೋದಂತೆ ನೀರು ಎಳೆಎಳೆಯಾಗಿ ಒಡೆಯದೆ ತೆಳುಪರದೆಯಾಗಿ ಹರಡಿಕೊಂಡಿತು. ಕೆಂಪು ಮಣ್ಣು ಗಾಢವಾಗಿ ಮಿರುಗುತ್ತಿತ್ತು. ನೋಡಲು ಅದ್ಭುತ. ಆದರೆ ಕೇಳಲು ಏನೂ ಇರಲಿಲ್ಲ! ಮೈಗೆ ಅಂಟಿಕೊಂಡು ಇಳಿಯುವ ನೀರಿಗೆ ಸದ್ದಿಲ್ಲ. ಅದು ಎಲ್ಲಿಯಾದರೂ ಕೈಬಿಟ್ಟು ಬೀಳಬೇಕು, ಬಿದ್ದ ಜಾಗದಲ್ಲಿ ನೀರೂ ಇರಬೇಕು.

ನೀರಿನ ನಾದ ಹುಟ್ಟುವುದು ಗುಳ್ಳೆಯಿಂದ. ಹನಿ ನೀರಿಗೆ ಬಿದ್ದಾಗ ಮೇಲ್ಮೈ ಕುಳಿಯಾಗಿ, ಕುಳಿ ಮುಚ್ಚಿಕೊಳ್ಳುವಾಗ ಪುಟ್ಟದೊಂದು ಗಾಳಿಗುಳ್ಳೆ ಒಳಗೆ ಸಿಕ್ಕಿಬೀಳುತ್ತದೆ. ಆ ಗುಳ್ಳೆ ಹಿಗ್ಗಿ ಕುಗ್ಗಿ ಕಂಪಿಸುವುದನ್ನೇ ನಾವು ‘ಟಿಣ್’ ಎಂದು ಕೇಳುತ್ತೇವೆ. ಗುಳ್ಳೆಯ ಗಾತ್ರಕ್ಕೂ ಸ್ವರಕ್ಕೂ ಇರುವ ಲೆಕ್ಕವನ್ನು ಖಗೋಳ ವಿಜ್ಞಾನಿ ಮಾರ್ಸೆಲ್ ಮಿನ್ನಾರ್ಟ್ 1933ರಲ್ಲಿಯೇ ಬಿಡಿಸಿಟ್ಟಿದ್ದಾರೆ. ಒಂದು ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸೆಕೆಂಡಿಗೆ ಸುಮಾರು 3,260 ಬಾರಿ ಕಂಪಿಸುತ್ತದೆ, ಮೂರು ಮಿಲಿಮೀಟರ್‌ನದು ಸುಮಾರು 1,090 ಬಾರಿ. ಗುಳ್ಳೆ ದೊಡ್ಡದಾದಷ್ಟೂ ಸ್ವರ ತಗ್ಗು. ನನಗೆ ಬೇಕಾದದ್ದು ಸ್ವಲ್ಪ ತಗ್ಗಿನ, ದುಂಡಗಿನ ಸ್ವರ. ಹಾಗೆಂದರೆ ದೊಡ್ಡ ಹನಿಗಳು ಬೇಕು, ಅವು ಬಿಡಿಬಿಡಿಯಾಗಿ ಬೀಳಬೇಕು.

ಕೇಳುವ ಹೊಣೆಯನ್ನು ಮಗಳಿಗೆ ವಹಿಸಿದೆ. ಅವಳು ಕೋಣೆಯೊಳಗೆ ನನ್ನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತಳು. ನಾನು ಹೊರಗೆ ಮೊಣಕಾಲೂರಿದೆ. ಕಾರಂಜಿಯ ಪಕ್ಕದಲ್ಲೇ ನಿಂತು ಸದ್ದನ್ನು ಹೊಂದಿಸಿ ಪ್ರಯೋಜನವಿಲ್ಲ, ಅದು ಎಲ್ಲಿ ಕೇಳಬೇಕೋ ಅಲ್ಲಿಂದಲೇ ತೀರ್ಪು ಬರಬೇಕು.

ತೊಟ್ಟಿ ಕಂಠದವರೆಗೆ ತುಂಬಿದ್ದರಿಂದ ಜಾಲರಿಗೂ ನೀರಿಗೂ ನಡುವೆ ಬೀಳಲು ಜಾಗವೇ ಇರಲಿಲ್ಲ. ಬಕೆಟ್ಟಿನಿಂದ ನೀರು ಮೊಗೆದು ಹೊರಹಾಕತೊಡಗಿದೆ. ಮಟ್ಟ ಇಳಿದಂತೆ ನೆಲದೊಳಗಿನಿಂದ ಸದ್ದು ಏಳಲಾರಂಭಿಸಿತು, ಮೊದಲು ಪಿಸುಗುಟ್ಟುವಂತೆ, ಆಮೇಲೆ ಸ್ಪಷ್ಟವಾಗಿ. ಒಂದು ಗೇಣಿನಷ್ಟು ಗಾಳಿ ತೊಟ್ಟಿಯೊಳಗೆ ಸೇರಿದಾಗ ಸದ್ದಿಗೆ ಮಾರ್ದನಿಯೂ ಕೂಡಿತು. “ಜಡಿಮಳೆ” ಎಂದಳು ಮಗಳು. ನಿಜ, ನೂರಾರು ಸಂದಿಗಳಿಂದ ನೂರಾರು ಸಣ್ಣ ಹನಿಗಳು ಒಟ್ಟಿಗೆ ಬೀಳುತ್ತಿದ್ದವು, ಒಂದೂ ಬೇರೆಯಾಗಿ ಕೇಳುತ್ತಿರಲಿಲ್ಲ. ಕವಾಟವನ್ನು ತಿರುಗಿಸಿ ಹರಿವನ್ನು ಅರ್ಧಕ್ಕೆ ಇಳಿಸಿದೆ. ಕಲ್ಲುಗಳನ್ನು ಸರಿಸಿ, ಗುಡಾಣದ ಒಂದು ಪಕ್ಕದ ಬುಡದಲ್ಲಿ ಅಗಲವಾದ ಚಪ್ಪಟೆ ಕಲ್ಲನ್ನು ವಾಲಿಸಿ ಇಟ್ಟೆ. ಆ ಬದಿಯ ನೀರೆಲ್ಲ ಅದರ ಒಂದು ಮೂಲೆಗೆ ಕೂಡಿ ಅಲ್ಲಿಂದ ದಪ್ಪ ಹನಿಗಳಾಗಿ ಬೀಳಲಿ ಎಂಬುದು ಲೆಕ್ಕ.

ಆದರೆ ನೀರು ಮೂಲೆಗೆ ಬಂದು ಬೀಳದೆ ಕಲ್ಲಿನ ಅಡಿಮೈಗೆ ಹೊರಳಿಕೊಂಡು, ಅಲ್ಲಿ ಎಲ್ಲೆಲ್ಲಿಯೋ ಹನಿಯಿತು. ನಿಧಾನವಾಗಿ ಹರಿಯುವ ನೀರಿನ ಸ್ವಭಾವವೇ ಅದು, ಆಸರೆ ಸಿಕ್ಕಿದ ಮೈಯನ್ನು ಬಿಡುವುದಿಲ್ಲ. ಕಿಟಕಿಯ ಮೇಲಿನ ಸಜ್ಜೆಯ ಅಂಚಿನಡಿಯಲ್ಲಿ ಉದ್ದಕ್ಕೂ ಒಂದು ತೋಡು ಬಿಟ್ಟಿರುತ್ತಾರಲ್ಲ, ಮಳೆನೀರು ಗೋಡೆಯ ಕಡೆಗೆ ಸರಿಯದಂತೆ? ಅದೇ ಉಪಾಯ ಇಲ್ಲಿಗೂ ಒದಗಿತು. ಕಲ್ಲಿನ ಅಡಿಯಲ್ಲಿ, ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ, ಸವೆಸುವ ಚಕ್ರದಿಂದ ಆಳವಿಲ್ಲದ ಗೆರೆ ಕೊರೆದೆ. ನೀರು ಆ ಗೆರೆಯನ್ನು ದಾಟಲಾರದೆ ಮೂಲೆಯಲ್ಲಿಯೇ ಕೈಬಿಟ್ಟಿತು.

ಆಗ ಕೇಳಿದ ಸದ್ದನ್ನು ಹೇಗೆ ಬರೆಯಲಿ! ನೆಲದೊಳಗಿನಿಂದ, ಕಲ್ಲುಗಳ ಕೆಳಗಿನಿಂದ, ದುಂಡಗಿನ, ಸ್ವಲ್ಪ ಲೋಹದ ಛಾಯೆಯಿರುವ ಹನಿ. ಅದರ ಹಿಂದೆಯೇ ಬೇರೆ ಎತ್ತರದ ಇನ್ನೊಂದು. ಲಯ ಹೆಚ್ಚುಕಡಿಮೆ ಸಮವಾಗಿದ್ದರೂ ಎಲ್ಲಿಯೂ ಯಂತ್ರದ್ದೆನಿಸಲಿಲ್ಲ. ಕಿಟಕಿಯೊಳಗಿನಿಂದ ತೀರ್ಪೇ ಬರಲಿಲ್ಲ. ಎದ್ದು ಹೋಗಿ ನೋಡಿದರೆ ಮಗಳು ಇನ್ನೂ ಕಣ್ಣು ಮುಚ್ಚಿಯೇ ಕುಳಿತಿದ್ದಳು. “ಇದನ್ನು ಮುಟ್ಟಬೇಡಿ” ಎಂದಳು.

ಜಪಾನಿನ ತೋಟಗಾರರು ಎದೊ ಕಾಲದಲ್ಲಿಯೇ (1603–1868) ಈ ನಾದವನ್ನು ಬೇಕೆಂದೇ ಕಟ್ಟುತ್ತಿದ್ದರು. ತಳದಲ್ಲಿ ತೂತಿರುವ ಮಡಕೆಯನ್ನು ಬೋರಲಾಗಿ ನೆಲದಲ್ಲಿ ಹೂತು, ಒಳಗೆ ಸ್ವಲ್ಪ ನೀರು ನಿಲ್ಲುವಂತೆ ಮಾಡಿ, ಕೈತೊಳೆಯುವ ಕಲ್ಲುಬಾನಿಯಿಂದ ಚೆಲ್ಲಿದ ನೀರು ಆ ತೂತಿನಿಂದ ಹನಿಯುವ ಹಾಗೆ ಏರ್ಪಡಿಸುತ್ತಿದ್ದರು. ಸುಯ್‌ಕಿನ್‌ಕುತ್ಸು ಎಂದು ಅದರ ಹೆಸರು. ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಬಹುತೇಕ ಮರೆತೇಹೋಗಿದ್ದ ಈ ಕಲೆ 1980ರ ದಶಕದಲ್ಲಿ ಮತ್ತೆ ಚಿಗುರಿತು. ಕಾಣಿಸದ ಅಲಂಕಾರವೊಂದಕ್ಕೆ ಇಷ್ಟು ಶ್ರಮ ಹಾಕಿದ ಆ ಜನರ ಬಗ್ಗೆ ನನಗೆ ಅಪಾರ ಗೌರವ. ಅವರ ತೊಟ್ಟಿಗೆ ಪಂಪ್ ಇರಲಿಲ್ಲ, ಕೈ ತೊಳೆದಾಗಷ್ಟೇ ನಾದ. ನನ್ನದು ದಿನವಿಡೀ ಮಿಡಿಯುತ್ತದೆ. ಅವರ ಸಂಯಮವೇ ಮೇಲೆಂದು ಕೆಲವೊಮ್ಮೆ ಅನ್ನಿಸುವುದೂ ಉಂಟು.

ಈ ನಾದಕ್ಕೆ ತೆರಬೇಕಾದ ಬೆಲೆಯೂ ಇದೆ. ತೊಟ್ಟಿ ಅರ್ಧವೇ ತುಂಬಿರಬೇಕಾದ್ದರಿಂದ ಕೂಡಿಟ್ಟ ನೀರು ಅರ್ಧಕ್ಕಿಳಿಯುತ್ತದೆ, ಬೇಸಿಗೆಯಲ್ಲಿ ಆಗಾಗ ಮರುಪೂರಣ ಮಾಡಬೇಕು. ಪಂಪ್ ಮುಳುಗಿಯೇ ಇರಬೇಕು, ನೀರಿಲ್ಲದೆ ತಿರುಗಿದರೆ ಸುಟ್ಟುಹೋಗುತ್ತದೆ. ಹಾಗಾಗಿ ಅದರ ತಲೆಗಿಂತ ನಾಲ್ಕು ಬೆರಳು ಮೇಲೆ ತೊಟ್ಟಿಯ ಗೋಡೆಗೆ ಬಿಳಿ ಗೆರೆ ಎಳೆದಿದ್ದೇನೆ. ನೀರು ಆ ಗೆರೆಗೆ ಇಳಿದರೆ ತುಂಬಿಸುವ ಸಮಯ. ಪಂಪಿನದೇ ಗುಂಯ್ಗುಡುವಿಕೆ ತೊಟ್ಟಿಯ ತಳದಿಂದ ಹರಡುತ್ತಿತ್ತು. ಅದರಡಿಗೆ ದಪ್ಪನೆಯ ಸ್ಪಂಜು ಇಟ್ಟಿದ್ದೇ ಅದು ಅಡಗಿತು. ರಾತ್ರಿ ಹತ್ತಕ್ಕೆ ತಾನೇ ನಿಲ್ಲುವಂತೆ ಟೈಮರ್ ಇದೆ. ಪಂಪ್ ನಡೆಯುವಷ್ಟು ಹೊತ್ತು ಕಲಕಿದ ನೀರಿನ ಮೇಲೆ ಸೊಳ್ಳೆ ಮೊಟ್ಟೆಯಿಡಲು ಹಿಂಜರಿಯುತ್ತದೆ. ಆದರೆ ಬೆಚ್ಚನೆಯ ಹವೆಯಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ವಾರವೊಂದೇ ಸಾಕಾಗಬಹುದು. ಊರಿಗೆ ಹೊರಟರೆ ತೊಟ್ಟಿಯನ್ನು ಖಾಲಿ ಮಾಡಿಯೇ ಹೊರಡುತ್ತೇವೆ.

ಗಡಸು ನೀರಿನ ಸುಣ್ಣ ಗುಡಾಣದ ಮೈಮೇಲೆ ಬಿಳಿಯ ಪಟ್ಟೆಗಳನ್ನು ಬಿಡುತ್ತದೆ. ಒಮ್ಮೆ ವಿನೆಗರ್ ಹಚ್ಚಿ ತೊಳೆದೆ, ಈಗ ಹಾಗೆಯೇ ಬಿಟ್ಟಿದ್ದೇನೆ. ಆ ಪಟ್ಟೆಗಳ ಅಂಚಿನಲ್ಲಿ ಹಸಿರು ಪಾಚಿ ಹಿಡಿದು ಗುಡಾಣ ಮೊದಲಿಗಿಂತ ಚೆಲುವಾಗಿದೆ. ಜೇನುನೊಣಗಳಿಗೆ ನೆನೆದ ಕಲ್ಲುಗಳು ಇಷ್ಟವಾಗಿವೆ. ಆಳವಿಲ್ಲದ ಕಾರಣ ಅವು ಮುಳುಗುವ ಭಯವಿಲ್ಲದೆ ಕುಳಿತು ನೀರು ಹೀರುತ್ತವೆ. ಪಕ್ಕದ ಮನೆಯ ಮಕ್ಕಳು ಕಲ್ಲುಗಳಿಗೆ ಕಿವಿಯಾನಿಸಿ ಮಲಗುತ್ತಾರೆ. ಹಾಗೆ ಮಲಗಿದವರನ್ನು ನೋಡಿ ನನಗೆ ಆತಂಕವಾಗುವುದಿಲ್ಲ ಎಂಬುದೇ ನನ್ನ ಷರತ್ತಿನ ಫಲ.

ರಸ್ತೆಯ ಸದ್ದು ಅಡಗಿತೇ ಎಂದು ಕೇಳುವವರಿದ್ದಾರೆ. ಅಡಗಿಲ್ಲ. ಲಾರಿಯ ಗುಡುಗು ತಗ್ಗಿನ ಸ್ವರಗಳದು, ಹನಿಯ ನಾದ ಅದಕ್ಕಿಂತ ಎಷ್ಟೋ ಮೇಲಿನದು, ಇದು ಅದನ್ನು ಮುಚ್ಚಲಾರದು. ಮುಚ್ಚಲೇಬೇಕೆಂದರೆ ಭೋರ್ಗರೆಯುವ ಜಲಪಾತವನ್ನೇ ಕಟ್ಟಬೇಕು, ಆಗ ಅದೇ ಹೊಸ ಗದ್ದಲವಾದೀತು. ಆದರೆ ಕಿವಿ ಹತ್ತಿರದ, ಬದಲಾಗುತ್ತಲೇ ಇರುವ ಸದ್ದನ್ನು ಹಿಡಿದುಕೊಂಡಾಗ ದೂರದ್ದು ಹಿಂದೆ ಸರಿಯುತ್ತದೆ. ಓದುತ್ತಿರುವಾಗ ಲಾರಿ ಹೋದದ್ದು ಈಗಲೂ ಕೇಳುತ್ತದೆ. ಅದು ಪುಟದಿಂದ ನನ್ನನ್ನು ಎಬ್ಬಿಸುವುದಿಲ್ಲ.

ಇದನ್ನು ಕೇಳಿಹೋದ ನನ್ನ ತಂಗಿ ತನ್ನ ಬಾಲ್ಕನಿಗೂ ಒಂದು ಬೇಕೆಂದು ಹಟ ಹಿಡಿದಿದ್ದಾಳೆ. ಅಲ್ಲಿ ಅಗೆಯಲು ನೆಲವಿಲ್ಲ. ಲೀಟರ್ ನೀರಿಗೆ ಒಂದು ಕಿಲೋ ತೂಕ, ಕಲ್ಲು ಮತ್ತು ಗುಡಾಣದ ಭಾರ ಬೇರೆ, ಅದನ್ನೆಲ್ಲ ಬಾಲ್ಕನಿಯ ತುದಿಗೆ ಹೇರಲು ನಾನು ಒಪ್ಪಲಿಲ್ಲ. ಹತ್ತು ಹನ್ನೆರಡು ಲೀಟರಿನ ಮುಚ್ಚಿದ ಮಡಕೆಯೊಂದನ್ನು ಗೋಡೆಯ ಬದಿಗೆ ಇಟ್ಟು, ಅರ್ಧಕ್ಕೆ ನೀರು ತುಂಬಿ, ಮುಚ್ಚಳದ ಕಲ್ಲಿನ ಅಡಿಯಲ್ಲಿ ಗೆರೆ ಕೊರೆದು ನೋಡೋಣ ಎಂದಿದ್ದೇನೆ. ಅದಕ್ಕೂ ಮೊದಲು ಅವಳಿಗೊಂದು ಕೆಲಸ ಕೊಟ್ಟಿದ್ದೇನೆ: ಕೆಲವು ಸಂಜೆ ಬಾಲ್ಕನಿಯಲ್ಲಿ ಸುಮ್ಮನೆ ಕುಳಿತು ಅಲ್ಲಿ ಯಾವ ಯಾವ ಸದ್ದು ಬರುತ್ತದೆ, ಯಾವುದು ಅವಳನ್ನು ಕಾಡುತ್ತದೆ ಎಂದು ಬರೆದಿಡಬೇಕು. ಮಡಕೆಯನ್ನು ಆರಿಸುವುದು ಆ ಪಟ್ಟಿ ನನ್ನ ಕೈಗೆ ಬಂದ ಮೇಲೆ.